ಕಟಿಂಗ್ ಟೇಬಲ್ ಮೇಲಿನ ಯುದ್ಧನೌಕೆ

ಟೈಲರಮ್ಮನಿಗೆ ಅಪ್ಪ ಬಿಟ್ಟುಹೋದ ಆಸ್ತಿ ಎಂದರೆ ಒಂದು ಮೇಜು. ಆಳುದ್ದಕ್ಕಿಂತ ಉದ್ದ, ಸೊಂಟದೆತ್ತರ, ಅಂಚೆಲ್ಲ ಮೊಣಕೈ ಉಜ್ಜಿ ಉಜ್ಜಿ ನುಣುಪಾದದ್ದು. ಅದರ ಮೇಲೆ ಬಟ್ಟೆ ಹಾಸಿದರೆ ಕೋಟು, ಪ್ಯಾಂಟು ಎರಡಕ್ಕೂ ಒಟ್ಟಿಗೇ ಗುರುತು ಹಾಕಬಹುದಿತ್ತು. ಅದು ಹಳೆಯ ಮಾತು. ಆರು ವರ್ಷದಿಂದ ಆ ಮೇಜಿನ ಮೇಲೆ ಯುದ್ಧನೌಕೆಯೊಂದು ನಿಂತಿದೆ, ಟೈಲರಮ್ಮ ನೆಲದ ಮೇಲೆ ಮಂಡಿಯೂರಿ ಬಟ್ಟೆ ಕತ್ತರಿಸುತ್ತಾಳೆ. ಅವಳ ಮಂಡಿಗಳು ಈಗ ಎದ್ದರೂ ಕಟಕಟ, ಕೂತರೂ ಕಟಕಟ.

ನೌಕೆ ಗಂಡನದು. ಗಂಡ ನೀರು ಸರಬರಾಜು ಕಚೇರಿಯಲ್ಲಿ ಮನೆಮನೆಯ ಮೀಟರ್ ಓದಿ ನಿವೃತ್ತರಾದವರು. ನೀರಿಗೂ ಅವರಿಗೂ ಇದ್ದ ನಂಟು ಅಷ್ಟೇ, ನಲ್ಲಿಯ ಕಡೆಯಿಂದ. ಒಮ್ಮೆ ದೋಣಿಯಲ್ಲಿ ನದಿ ದಾಟುವಾಗ ಈ ದಡದಲ್ಲಿ ತಿಂದದ್ದನ್ನೆಲ್ಲ ನಡುನೀರಿಗೆ ಒಪ್ಪಿಸಿ, ಆ ದಡದಲ್ಲಿ ಇಬ್ಬರ ಹೆಗಲ ಮೇಲೆ ಇಳಿದಿದ್ದರು. ಇಂಥ ಧೀರನಿಗೆ ಟೈಲರಮ್ಮ ಮನಸ್ಸಿನೊಳಗೇ ಒಂದು ಬಿರುದು ಕೊಟ್ಟಿದ್ದಳು: ಅಡ್ಮಿರಲ್ ಸಾಹೇಬರು.

ಸಾಹೇಬರು ಅಂಗಡಿಯಲ್ಲಿ ಸಿಗುವ ಮಾದರಿ ಹಡಗಿನ ಡಬ್ಬಿ ತಂದು, ಅಚ್ಚು ಹೊಯ್ದ ತುಂಡುಗಳನ್ನು ಅಂಟಿಸುವವರಲ್ಲ. ಅದು ಮಕ್ಕಳಾಟ. ಅವರದು ಶೂನ್ಯದಿಂದ ಕಟ್ಟುವ ವಿದ್ಯೆ. ನೂರು ವರ್ಷಕ್ಕೂ ಹಿಂದಿನ ಉಕ್ಕಿನ ಹಡಗು, ನಾಲ್ಕು ಹೊಗೆಕೊಳವೆ, ಒಂದಕ್ಕೆ ನೂರರ ಅಳತೆ. ಪ್ಲಾಸ್ಟಿಕ್ ಹಾಳೆ ಕೊಯ್ದು ಪಕ್ಕೆಲುಬು ಮಾಡಿ, ಅದಕ್ಕೆ ತಗಡಿನಂತೆ ಪಟ್ಟಿ ಹೊದಿಸಿ, ಹಿತ್ತಾಳೆ ತಂತಿ ಬೆಸೆದು ಏಣಿ ಮಾಡಿ, ಎಲ್ಲ ಸ್ವಂತ ಕೈಯಿಂದ. "ಶೂನ್ಯದಿಂದ ಸೃಷ್ಟಿ ಮಾಡೋದು ಅಂದ್ರೆ ಇದು," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಶೂನ್ಯ ಎಂದರೆ ಏನು ಎಂದು ಟೈಲರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವಳ ಹೊಲಿಗೆ ಡಬ್ಬಿ. ಹಡಗಿನ ಮೈಮೇಲೆ ಸಾಲುಸಾಲಾಗಿ ಮೂಡಿದ ರಿವೆಟ್ ಚುಕ್ಕೆಗಳು ಬಟ್ಟೆಗೆ ಗುರುತು ಹಾಕುವ ಅವಳ ಹಲ್ಲುಚಕ್ರವನ್ನು ಹಾಳೆಯ ಬೆನ್ನಿಗೆ ಉರುಳಿಸಿ ಎಬ್ಬಿಸಿದವು. ಕಂಬದಿಂದ ಕಂಬಕ್ಕೆ ಬಿಗಿದ ಹಗ್ಗಗಳು ಅವಳ ಕಾಜಾ ದಾರ. ಕಟಾಂಜನದ ಕಂಬಿಗಳು ಅವಳ ಗುಂಡುಪಿನ್ನು, ತಲೆ ಕತ್ತರಿಸಿದ್ದು. ಕೇಳದೆ ಒಯ್ಯುವುದಕ್ಕೆ ಬೇರೆಯವರ ಮನೆಯಲ್ಲಿ ಬೇರೆ ಹೆಸರಿದೆ.

ಆದರೆ ಮೇಜಿನ ಸಂಕಟ, ಡಬ್ಬಿಯ ಸಂಕಟ ಎಲ್ಲವನ್ನೂ ನುಂಗಿಸುವಂಥ ಒಂದು ಸುಖ ಅವಳಲ್ಲಿತ್ತು. ಅದು ಕೆಲಸ ಶುರುವಾದ ದಿನದ್ದು.

ಹಡಗಿನ ನಕ್ಷೆ ಸಾಹೇಬರಿಗೆ ಸಿಕ್ಕಿತ್ತು. ಆದರೆ ನಕ್ಷೆ ಬರೆದ ಮೇಲೆ ಆ ಹಡಗಿನ ನಡುಭಾಗವನ್ನು ಬದಲಾಯಿಸಿ, ದೋಣಿ ಎತ್ತುವ ದೊಡ್ಡ ಕ್ರೇನ್ ಒಂದನ್ನು ನಿಲ್ಲಿಸಿದ್ದರಂತೆ. ಅದಕ್ಕೆ ಇದ್ದ ಸಾಕ್ಷಿ ಒಂದೇ ಫೋಟೊ. ಸಾಹೇಬರು ಅದನ್ನು ಎಲ್ಲಿಂದಲೋ ತರಿಸಿ, ದಪ್ಪ ರಟ್ಟಿಗೆ ಪಿನ್ನು ಚುಚ್ಚಿ, ಗೋಡೆಗೆ ಒರಗಿಸಿದ್ದರು. ಮೂರನೇ ಹೊಗೆಕೊಳವೆ, ಅದರ ಬಲಕ್ಕೆ ಕ್ರೇನ್, ಮುಂದೆ ಎದೆಯುಬ್ಬಿಸಿ ನಿಂತ ಮೂವರು ನಾವಿಕರು. ಸಾಹೇಬರ ಕಣ್ಣು ಕ್ರೇನ್ ಮೇಲೆ. ಟೈಲರಮ್ಮನ ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು, ಕೋಟಿಗೆ. ಮೂವರದೂ ಹೆಂಗಸರ ಕೋಟಿನ ಹಾಗೆ ಬಲ ಅಂಚು ಎಡದ ಮೇಲೆ ಬಂದು ಗುಂಡಿ ಹಾಕಿತ್ತು. ಎದೆಯ ಜೇಬು ಬಲಕ್ಕಿತ್ತು. ಒಬ್ಬನದಾಗಿದ್ದರೆ ಟೈಲರ್ ಕುಡಿದಿದ್ದ ಎನ್ನಬಹುದು, ಮೂವರದೂ ಹೇಗೆ? ಇಂಥ ಏಟನ್ನು ಅವಳು ಹಿಂದೆ ಒಮ್ಮೆ ತಿಂದಿದ್ದಳು. ಗಿರಾಕಿಯೊಬ್ಬ ತನ್ನ ತಾತನ ಫೋಟೊ ತಂದು ಥೇಟ್ ಇದೇ ಕೋಟು ಬೇಕೆಂದಿದ್ದ. ಇದ್ದಹಾಗೇ ಹೊಲಿದು ಕೊಟ್ಟರೆ ಹೆಂಗಸರ ಕೋಟು ಎಂದು ಮುಖಕ್ಕೆ ಎಸೆದು ಹೋದ. ಫೋಟೊ ತೊಳೆದವನು ಫಿಲಂ ಮಗುಚಿ ಇಟ್ಟಿದ್ದ, ಎಡ ಬಲವಾಗಿ ಬಲ ಎಡವಾಗಿತ್ತು. ಇಲ್ಲೂ ಅದೇ ಆಗಿದ್ದರೆ ಕ್ರೇನ್ ಇರಬೇಕಾದದ್ದು ಎಡಕ್ಕೆ.

"ರೀ, ಈ ಫೋಟೊ ಇದೆಯಲ್ಲ..." ಎಂದು ಶುರುಮಾಡಿದಳು.

"ನೀನು ಬಾಯಿ ಹಾಕ್ಬೇಡ," ಎಂದರು ಸಾಹೇಬರು, ತಿರುಗಿಯೂ ನೋಡದೆ. "ಇದು ಯುದ್ಧನೌಕೆ, ಲಂಗ ಅಲ್ಲ. ಗುಂಡಿ ಹೊಲಿಯೋದು ಬಿಟ್ರೆ ನಿಂಗೇನ್ ಗೊತ್ತು?"

ಅವಳು ಹೇಳಹೊರಟಿದ್ದು ಗುಂಡಿಯ ವಿಷಯವೇ. ಸರಿ ಮಹಾರಾಯ, ಹಾಕಲ್ಲ ಬಾಯಿ ಎಂದು ಅಂದೇ ಬಾಯಿಗೆ ಬೀಗ ಜಡಿದಳು. ಅಂದಿನಿಂದ ಸಾಹೇಬರು ಕ್ರೇನನ್ನು ಬಲಕ್ಕೆ ನೆಟ್ಟು, ಅದಕ್ಕೆ ತಕ್ಕಂತೆ ದೋಣಿಗಳನ್ನು, ಏಣಿಗಳನ್ನು, ಗಾಳಿಕೊಳವೆಗಳನ್ನು ಒಂದೊಂದಾಗಿ ತಪ್ಪು ಜಾಗದಲ್ಲಿ, ಕೂದಲೆಳೆಯಷ್ಟೂ ಅಳತೆ ತಪ್ಪದಂತೆ ಕೂರಿಸುವುದನ್ನು ಅವಳು ನೋಡುತ್ತ ಬಂದಳು. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಉಸಿರು ಹಿಡಿದು, ಚಿಮಟದಲ್ಲಿ ಸಾಸಿವೆ ಗಾತ್ರದ ರಾಟೆ ಎತ್ತಿ ಇಡುವಾಗ ಅವರ ಮುಖದಲ್ಲಿ ಬರುತ್ತಿದ್ದ ಗಾಂಭೀರ್ಯ! ಮಂಡಿ ನೋವಿಗೆ ಅದಕ್ಕಿಂತ ಒಳ್ಳೆಯ ಔಷಧಿ ಅವಳಿಗೆ ಸಿಕ್ಕಿರಲಿಲ್ಲ.

ನಡುವೆ ಒಂದು ಸಲ, ಎರಡು ವರ್ಷದ ಹಿಂದೆ, ಸಾಹೇಬರು ಒಂದು ವಾರ ಮೇಜಿನ ಹತ್ತಿರ ಸುಳಿಯಲಿಲ್ಲ. ಜ್ವರ ಎಂದರು. ಮುಟ್ಟಿದರೆ ಮೈ ತಣ್ಣಗಿತ್ತು. ಅದೇ ವಾರ ಟೈಲರಮ್ಮನ ದೊಡ್ಡ ಕತ್ತರಿ ಕೆಟ್ಟಿತು. ಬಟ್ಟೆ ಕತ್ತರಿಸುವ ಕತ್ತರಿಯನ್ನು ಕಾಗದಕ್ಕೆ ತಾಗಿಸಬಾರದು, ಇದು ಆ ಮನೆಯಲ್ಲಿ ಬೆಕ್ಕಿಗೂ ಗೊತ್ತು. ಯಾರೋ ಕಾಗದವನ್ನಷ್ಟೇ ಅಲ್ಲ, ಇನ್ನೇನನ್ನೋ ಕತ್ತರಿಸಿದ್ದರು. ಅಲಗಿನ ನಡುವೆ ಅಕ್ಕಿನುಚ್ಚಿನಷ್ಟು ಚೂರು ಹಾರಿಹೋಗಿತ್ತು. ಎರಡು ಸಲ ಸಾಣೆ ಹಿಡಿಸಿದರೂ ಆ ಜಾಗ ಬಂದಾಗ ಬಟ್ಟೆಯ ಎಳೆ ಕಿತ್ತುಬರುತ್ತಿತ್ತು. ಆಗ ಮನೆಗೆ ಬಂದಿದ್ದವಳು ಸಾಹೇಬರ ತಂಗಿ. ಕಪಾಟಿಗೆ ಹಾಸಲು ಕಾಗದ ಕತ್ತರಿಸಿದ್ದು ನೀನೇ ಅಲ್ಲವೇ ಎಂದು ಟೈಲರಮ್ಮ ನಾದಿನಿಯ ಮೇಲೆ ಹರಿಹಾಯ್ದಳು. "ನಾನಲ್ಲ ಅತ್ತಿಗೆ, ನಿಮ್ಮಾಣೆ," ಎಂದು ಅವಳು ಅತ್ತಳು. ಸಾಹೇಬರು ಪಕ್ಕದ ಕೋಣೆಯಲ್ಲಿ ಜ್ವರ ಅನುಭವಿಸುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಹೋಗ್ಲಿ ಬಿಡೇ, ಏನೋ ಗೊತ್ತಿಲ್ದೆ ಮಾಡಿದ್ದಾಳೆ," ಎಂದು ದೊಡ್ಡತನ ಮೆರೆದರು. ನಾದಿನಿ ಅಂದು ಹೊರಟವಳು ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ.

ಸಾಹೇಬರಿಗೆ ಒಂದು ಸೈನ್ಯವೂ ಇತ್ತು. ಭಾನುವಾರ ಸಂಜೆ ಹಡಗು ಕಟ್ಟುವ ನಾಲ್ಕೈದು ಗಂಡಸರು ಬಂದು, ಸಾಹೇಬರ ಸುತ್ತ ಕೂತು, ತಲೆಯಾಡಿಸಿ, ಚಹಾ ಕುಡಿದು ಹೋಗುತ್ತಿದ್ದರು. ಅವರಲ್ಲಿ ಹಲ್ಲಿನ ಡಾಕ್ಟರು ಒಬ್ಬ. ಪಾಪದ ಮನುಷ್ಯ, ಡಬ್ಬಿ ತಂದು ಅಂಟಿಸುವವನು. ಕಳೆದ ವರ್ಷ ಅದೇ ಹಡಗನ್ನು ಮೊಳದುದ್ದಕ್ಕೆ ಮಾಡಿ, ಹಸುಗೂಸಿನ ಹಾಗೆ ಟವಲಿನಲ್ಲಿ ಸುತ್ತಿ ತಂದಿದ್ದ. ಅದರಲ್ಲಿ ಕ್ರೇನ್ ಎಡಕ್ಕಿತ್ತು.

ಸಾಹೇಬರು ಚಿಮಟದ ತುದಿಯಿಂದ ಅದನ್ನು ಟಕಟಕ ಕುಟ್ಟಿದರು. "ಏನ್ ಡಾಕ್ಟ್ರೇ, ಎಡಗಡೆ ಹಲ್ಲು ನೋಯ್ತಿದೆ ಅಂತ ಬಂದೋರಿಗೆ ಬಲಗಡೆದು ಕೀಳ್ತೀರಾ?"

ಸೈನ್ಯ ಹೋ ಎಂದು ನಕ್ಕಿತು.

"ಡಬ್ಬಿಯಲ್ಲಿ ಹೀಗೇ ಕೊಟ್ಟಿದ್ರು ಸಾರ್..."

"ಡಬ್ಬಿ ಮಾಡೋನು ಕತ್ತೆ, ಕೊಂಡ್ಕೊಳ್ಳೋನು ಅವನ ಅಣ್ಣ. ಫೋಟೊ ನೋಡಿದ್ದೀನಿ ಕಣ್ರೀ ನಾನು!"

ಡಾಕ್ಟರ ಕಿವಿ ಕೆಂಪಾಯಿತು. ಆತ ಅಲ್ಲೇ, ಎಲ್ಲರೆದುರಿಗೇ ಕ್ರೇನನ್ನು ಇಕ್ಕಳದಲ್ಲಿ ಹಿಡಿದು ಮುರಿದ. ಜೊತೆಗೆ ಡೆಕ್ಕಿನ ಒಂದು ಚೂರೂ ಕಿತ್ತುಬಂತು. ಬಲಗಡೆ ಜಾಗವಿಲ್ಲದ್ದರಿಂದ ಕ್ರೇನನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಮನೆಗೆ ಹೋದ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಟೈಲರಮ್ಮನಿಗೆ ಆ ದಿನ ಮೊದಲ ಬಾರಿಗೆ ತನ್ನ ಸುಖ ಸ್ವಲ್ಪ ಹಳಸಿದಂತೆ ಅನ್ನಿಸಿತು. ಎರಡು ಮಾತು ಆಡಿದ್ದರೆ ಡಾಕ್ಟರ ಮಾನ ಉಳಿಯುತ್ತಿತ್ತು. ಆದರೆ ಆಡಿದರೆ ಮುಂದೇನು? ಸಾಹೇಬರು ಹಡಗಿನ ಹೊಟ್ಟೆ ಬಗೆದು ಎಲ್ಲವನ್ನೂ ಮೊದಲಿಂದ ಶುರುಮಾಡುತ್ತಾರೆ, ಇನ್ನಾರು ವರ್ಷ ಮೇಜು ಹೋಯಿತು. ಅವಳ ಮಂಡಿಗೆ ಅಷ್ಟು ಆಯುಸ್ಸಿರಲಿಲ್ಲ. ಸುಮ್ಮನಾದಳು.

ಕೊನೆಗೂ ಹಡಗು ಮುಗಿಯಿತು. ಬಂದರಿನ ವಸ್ತುಸಂಗ್ರಹಾಲಯದಿಂದ ಅದನ್ನು ಒಯ್ಯಲು ಬರುತ್ತೇವೆ ಎಂದು ಫೋನ್ ಬಂದಾಗ ಟೈಲರಮ್ಮ ಸಾಹೇಬರಿಗಿಂತ ಹೆಚ್ಚು ಹಿಗ್ಗಿದಳು. ಆ ದಿನಕ್ಕೆಂದೇ ಒಂದು ಒಳ್ಳೆಯ ಕೋಟಿನ ಬಟ್ಟೆಯನ್ನು ಕತ್ತರಿಸದೆ ಎತ್ತಿಟ್ಟಳು. ಹಡಗು ಹೊಸ್ತಿಲು ದಾಟಲಿ, ಅದು ಎಡವೋ ಬಲವೋ ಯಾರಿಗೆ ಬೇಕು.

ಅಧಿಕಾರಿ ಹೆಂಗಸು ಬಂದದ್ದು ಇಬ್ಬರು ಕೆಲಸಗಾರರೊಂದಿಗೆ, ಕೈಯಲ್ಲಿ ಅಳತೆಟೇಪು ಹಿಡಿದು. ಸೈನ್ಯವೂ ಸೇರಿತ್ತು. ಡಾಕ್ಟರು ಮೂಲೆಯಲ್ಲಿ ನಿಂತಿದ್ದ. ಟೈಲರಮ್ಮ ಅಲ್ಲೇ ಗೊಂಬೆಗೆ ತೊಡಿಸಿದ ಕೋಟಿನ ಅಂಚು ಮಡಚುತ್ತ, ತುಟಿಯ ನಡುವೆ ಐದಾರು ಗುಂಡುಪಿನ್ನು ಕಚ್ಚಿಕೊಂಡಿದ್ದಳು. ಮಾತಾಡದಿರಲು ಅದು ಒಳ್ಳೆಯ ಉಪಾಯ.

ಆ ಹೆಂಗಸು ಹಡಗಿನ ಉದ್ದ ಅಳೆದಳು, ಅಗಲ ಅಳೆದಳು, ಮತ್ತೆ ಉದ್ದ ಅಳೆದಳು. "ಇದಕ್ಕೆಲ್ಲ ಆಧಾರ ಇದೆ ತಾನೆ?" ಎಂದು ಕೇಳಿದಳು, ಕೇಳಬೇಕಲ್ಲ ಎಂದು.

"ಫೋಟೊ ಇದೆ ಮೇಡಂ." ಸಾಹೇಬರು ಸಂದೂಕದಿಂದ ಅದನ್ನು ತೆಗೆದು ಕೊಟ್ಟರು. "ಇವ್ರನ್ನ ಕೇಳಿ. ಉಲ್ಟಾ ಮಾಡಿ ತಂದಿದ್ರು, ನಾನು ತಿದ್ದಿದೆ."

"ಹೌದು ಮೇಡಂ," ಎಂದ ಡಾಕ್ಟರು, ನೆಲ ನೋಡುತ್ತ. "ನಂದೇ ತಪ್ಪು."

ಫೋಟೊ ಕೈಯಿಂದ ಕೈಗೆ ದಾಟುವಾಗ ಟೈಲರಮ್ಮನ ಮೂಗಿನ ಮುಂದೆಯೇ ಹಾದುಹೋಯಿತು. ಎಷ್ಟೋ ವರ್ಷದಿಂದ ಅವಳು ಅದನ್ನು ನೋಡಿರಲಿಲ್ಲ. ಹೊಗೆಕೊಳವೆ ಇತ್ತು, ಕ್ರೇನ್ ಇತ್ತು, ನಾವಿಕರ ಮೂರು ಮುಖವೂ ಇತ್ತು. ಕತ್ತಿನಿಂದ ಕೆಳಗೆ ಏನೂ ಇರಲಿಲ್ಲ. ಕೋಟಿಲ್ಲ, ಗುಂಡಿಯಿಲ್ಲ, ಜೇಬಿಲ್ಲ. ಫೋಟೊವನ್ನು ರಟ್ಟಿನ ಸಮೇತ ಅಡ್ಡಡ್ಡ ಕತ್ತರಿಸಿತ್ತು. ಸಾಹೇಬರು ಕೊಯ್ಯುವುದು ಯಾವಾಗಲೂ ಬ್ಲೇಡಿನಲ್ಲಿ, ಉಕ್ಕಿನ ಪಟ್ಟಿ ಇಟ್ಟು. ಇದು ಬ್ಲೇಡಿನ ಅಂಚಲ್ಲ. ಉದ್ದ ಕತ್ತರಿಯನ್ನು ಎರಡೇ ಎರಡು ಸಲ ಕಚ್ಚಿಸಿದ ಅಂಚು. ಆ ಎರಡು ಕಚ್ಚು ಸೇರುವ ಕಡೆ, ರಟ್ಟಿನೊಳಗೆ, ಅರ್ಧಕ್ಕೆ ತುಂಡಾದ ಪಿನ್ನು ಇನ್ನೂ ಹೊಳೆಯುತ್ತಿತ್ತು.

ಟೈಲರಮ್ಮನ ಕೈ ನಿಂತಿತು. ಗಂಡನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ, ಆ ಸುಳ್ಳು ಜ್ವರದ ವಾರದಲ್ಲಿ, ಅವನಿಗೂ ಗುಂಡಿ ಕಂಡಿತ್ತು. ಕಂಡು, ಹಡಗನ್ನು ಬಿಚ್ಚುವ ಬದಲು ಮೂವರು ನಾವಿಕರ ಎದೆ ಕೊಯ್ದಿದ್ದ, ಅದೂ ಅವಳ ಕತ್ತರಿಯಲ್ಲಿ. ಒಡಹುಟ್ಟಿದವಳನ್ನು ಅಳಿಸಿ, ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಹಾಗೆ ಒರೆಸಿ, ಆಮೇಲೆ ಡಾಕ್ಟರನ್ನು ಎಲ್ಲರೆದುರು ಕತ್ತೆ ಮಾಡಿದ್ದ. ಇಷ್ಟು ದಿನ ಅವಳು ಒಬ್ಬ ಮೂರ್ಖನನ್ನು ನೋಡಿ ಒಳಗೊಳಗೇ ನಗುತ್ತಿದ್ದಳು. ಮೂರ್ಖನಾಗಿದ್ದರೆ ಎಷ್ಟೋ ವಾಸಿಯಿತ್ತು.

"ಸರಿ, ಎತ್ತಿ," ಎಂದಳು ಅಧಿಕಾರಿ ಹೆಂಗಸು.

ಕೆಲಸಗಾರರು ಹಡಗನ್ನು ಹಲಗೆ ಸಮೇತ ಎತ್ತಿ ಬಾಗಿಲ ಕಡೆ ಅಡಿಯಿಡತೊಡಗಿದರು. ಟೈಲರಮ್ಮ ತುಟಿಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಗೊಂಬೆಯ ಹೆಗಲಿಗೆ ಚುಚ್ಚಿದಳು. ಕೋಟಿನ ಬಟ್ಟೆ ತಂದು ಖಾಲಿ ಮೇಜಿನ ಮೇಲೆ ಒದರಿ ಹಾಸಿದಳು. ದೂಳು ಎದ್ದಿತು.

"ಡಾಕ್ಟ್ರೇ," ಎಂದಳು, ಎಲ್ಲರಿಗೂ ಕೇಳುವಂತೆ. "ಬೆಂಕಿಪೊಟ್ಟಣದಲ್ಲಿ ಇಟ್ಕೊಂಡಿದ್ದೀರಲ್ಲ ಕ್ರೇನು, ಎಲ್ಲಿಂದ ಕಿತ್ತಿದ್ರೋ ಅಲ್ಲೇ ಅಂಟಿಸಿ. ನಿಮ್ದೇ ಸರಿ. ಈ ಫೋಟೊ ಉಲ್ಟಾ. ಆ ಮೂರೂ ಜನ ಹೆಂಗಸರ ಥರ ಗುಂಡಿ ಹಾಕ್ಕೊಂಡಿದ್ರು. ಮೊದಲನೇ ದಿನವೇ ನೋಡಿದ್ದೆ, ಹೇಳಕ್ಕೆ ಬಿಡಲಿಲ್ಲ. ಆಮೇಲೆ ನಾನೂ ಈ ಮೇಜಿನಾಸೆಗೆ ಸುಮ್ನಿದ್ದೆ."

"ಏನೇನೋ ಬೊಗಳ್ಬೇಡ," ಎಂದರು ಸಾಹೇಬರು. "ಎಲ್ಲಿದೆ ಗುಂಡಿ? ತೋರ್ಸು."

"ನೀವು ಕತ್ತರಿಸಿದ್ರಲ್ಲ, ಆ ತುಂಡಲ್ಲಿದೆ. ಪಿನ್ನಿನ ಅರ್ಧ ರಟ್ಟಲ್ಲಿದೆ, ಅದು ತಾಗಿ ಹಾರಿದ ಚೂರಿನ ಗುರುತು ನನ್ನ ಕತ್ತರೀಲಿದೆ. ನಿಮ್ ತಂಗಿಗೆ ನಾನೇ ಹೋಗಿ ಹೇಳ್ತೀನಿ, ನಿಮ್ಮ ಕೈಲಾಗಲ್ಲ."

ಡಾಕ್ಟರು ರಟ್ಟನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಆಮೇಲೆ ಸಾಹೇಬರ ಮುಖ ನೋಡಿದ. ಸೈನ್ಯವೂ ನೋಡಿತು. ಯಾರೂ ನಗಲಿಲ್ಲ. ಅಧಿಕಾರಿ ಹೆಂಗಸು ಮಾತ್ರ ಟೇಪು ಸುತ್ತಿಕೊಳ್ಳುತ್ತ, "ಅಯ್ಯೋ, ಎಡಕ್ಕಿದ್ರೇನು, ಬಲಕ್ಕಿದ್ರೇನಮ್ಮ," ಎಂದಳು. "ನಮ್ಮಲ್ಲಿ ಮೆಟ್ಟಿಲ ಕೆಳಗೆ ಒಂದು ಗಾಜಿನ ಪೆಟ್ಟಿಗೆ ಖಾಲಿ ಬಿದ್ದಿದೆ. ಉದ್ದ ಸರಿಹೋದ್ರೆ ಸಾಕು."

ಆ ಮಾತು ಸಾಹೇಬರಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಬಾಗಿಲಿಗೆ ಓಡಿ ಕೈ ಅಡ್ಡ ಹಿಡಿದರು. "ಬೇಡ, ಬೇಡ! ವಾಪಸ್ ತನ್ನಿ. ನಾನು ಸರಿಮಾಡಿ ಕೊಡ್ತೀನಿ. ಮೇಜಿನ ಮೇಲಿಡಿ!"

ಕೆಲಸಗಾರರು ತಿರುಗಿ ನೋಡಿದರು. ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಬಟ್ಟೆ ಹಾಸಿತ್ತು. ಟೈಲರಮ್ಮ ಆಗಲೇ ಸೀಮೆಸುಣ್ಣದಲ್ಲಿ ತೋಳಿನ ಗೆರೆ ಎಳೆದು ಕತ್ತರಿ ಇಟ್ಟಿದ್ದಳು. ಆರು ವರ್ಷದ ಮೇಲೆ ಮೊದಲ ಸಲ ಸೊಂಟ ನೆಟ್ಟಗಿಟ್ಟು ನಿಂತು ಕತ್ತರಿಸುತ್ತಿದ್ದಳು. ಆ ಚೂರು ಹಾರಿದ ಜಾಗ ಬಂದಾಗ ಒಂದು ಎಳೆ ಕಿತ್ತುಬಂತು. ಬರಲಿ ಎಂದು ಮುಂದುವರಿಸಿದಳು.

"ಸಾರ್, ಕೈ ಸೋಲ್ತಾ ಇದೆ," ಎಂದ ಒಬ್ಬ ಕೆಲಸಗಾರ, ಹೊಸ್ತಿಲ ಮೇಲೆ ಒಂದು ಕಾಲಿಟ್ಟುಕೊಂಡು. "ಒಳಗೋ ಹೊರಗೋ, ಒಂದು ಹೇಳಿ."

ಸಾಹೇಬರು ಹಡಗು ನೋಡಿದರು, ಮೇಜು ನೋಡಿದರು, ಡಾಕ್ಟರ ಕೈಲಿದ್ದ ಫೋಟೊ ನೋಡಿದರು.

"ಹೊರಗೆ," ಎಂದಳು ಟೈಲರಮ್ಮ, ಬಟ್ಟೆಯಿಂದ ಕಣ್ಣೆತ್ತದೆ.