ಕೆನ್ನೆಯ ಮೇಲಿನ ಗೆರೆಗಳು

ನನ್ನ ಸೊಸೆ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸದವಳು. ದಿನಕ್ಕೆ ನಾನೂರು ಚಾದರ ಮಡಚುವವಳಿಗೆ ಸ್ವಂತ ಮಂಚದ ಮೇಲೆ ಬೆನ್ನು ಚಾಚಲು ಪುರುಸೊತ್ತಿರಲಿಲ್ಲ. ಗಂಡ, ಅಂದರೆ ನನ್ನ ಮಗ, ಲಾರಿ ಓಡಿಸುತ್ತಾನೆ. ಮನೆಗೆ ವಾರಕ್ಕೊಮ್ಮೆ ಬರುವ ನೆಂಟ. ಮೂರು ಮಕ್ಕಳು, ಮಂಡಿ ಕೈಕೊಟ್ಟ ನಾನು, ಸಾಲದ್ದಕ್ಕೆ ಸಂಡೇಸ್ಕೂಲಿನ ಪಾಠ, ಚರ್ಚಿನ ಗಾಯನ ತಂಡ. ಯಾರು ಏನು ಕೇಳಿದರೂ ‘ಆಗಲಿ’ ಎನ್ನುವ ಬಾಯಿ ಅವಳದು.

ಸಂಜೆ ನಾಲ್ಕಕ್ಕೆ ಬಂದವಳೇ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಮಂಚದ ಪಕ್ಕ ಮೊಣಕಾಲೂರಿ ಪ್ರಾರ್ಥನೆಗೆ ಕೂರುತ್ತಿದ್ದಳು. ಆ ಮುಕ್ಕಾಲು ಗಂಟೆ ಮಕ್ಕಳು ತುದಿಗಾಲಲ್ಲೇ ಓಡಾಡುತ್ತಿದ್ದರು. ಹೊರಬರುವಾಗ ಅವಳ ಎಡಗೆನ್ನೆಯ ಮೇಲೆ ಉದ್ದುದ್ದ ಕೆಂಪು ಗೆರೆಗಳಿರುತ್ತಿದ್ದವು. ಅದು ದೇವರು ಮುಟ್ಟಿದ ಗುರುತೆಂದು ಕೊನೆಯವಳು ತೀರ್ಮಾನಿಸಿ, ಸಂಡೇಸ್ಕೂಲಿನಲ್ಲಿ ಸಾರಿಬಿಟ್ಟಳು. ಸುದ್ದಿ ಪಾದ್ರಿಯವರ ಹೆಂಡತಿಯ ಕಿವಿಗೂ ಬಿತ್ತು. ಶನಿವಾರದ ಹೆಂಗಸರ ಕೂಟದಲ್ಲಿ ಸೊಸೆ ತನ್ನ ಪ್ರಾರ್ಥನೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಅವರು ಕೇಳಿದರೆ, ಇವಳು ರೂಢಿಯಂತೆ ‘ಆಗಲಿ’ ಅಂದು ಬಂದಳು.

ಅಡುಗೆಮನೆಯಲ್ಲಿ ನನ್ನೆದುರು ಕುಳಿತಾಗ ಅವಳ ಮುಖ ಬಿಳಿಚಿತ್ತು.

“ಅತ್ತೆ, ನಾನಲ್ಲಿ ಪ್ರಾರ್ಥನೆ ಮಾಡಲ್ಲ. ‘ತಂದೆಯೇ’ ಅಂತ ಶುರು ಮಾಡ್ತೀನಿ, ಅಷ್ಟೇ ಗೊತ್ತು. ಗೆರೆ ಹೊದಿಕೆ ಹೊಲಿಗೇದು.”

“ಗೊತ್ತು ಬಿಡೇ. ಪ್ರಾರ್ಥನೆ ಮಾಡೋರು ಗೊರಕೆ ಹೊಡೀತಾರಾ?”

ನಾಲ್ಕಾದ ಕೂಡಲೇ ನಾನು ರೇಡಿಯೋ ಸಣ್ಣ ಮಾಡುತ್ತಿದ್ದುದು ಯಾಕೆಂದು ಅವಳಿಗೆ ಆಗ ಹೊಳೆಯಿತು. ಆದರೂ ಸಮಾಧಾನವಾಗಲಿಲ್ಲ. ಸುಳ್ಳು ಹೇಳಿದರೆ ದೇವರ ಮುಂದೆ ತಲೆಯೆತ್ತುವಂತಿಲ್ಲ, ನಿಜ ಹೇಳಿದರೆ ಜನರ ಮುಂದೆ. ಅದಕ್ಕಿಂತ ದೊಡ್ಡ ಹೆದರಿಕೆಯೆಂದರೆ ಆ ಮುಕ್ಕಾಲು ಗಂಟೆಯೂ ಕೈತಪ್ಪುವುದು. ಪ್ರಾರ್ಥನೆಯಲ್ಲಿರುವ ತಾಯಿಯನ್ನು ಮಕ್ಕಳು ಅವಳ ಪಾಡಿಗೆ ಬಿಟ್ಟಾರು. ಮಲಗಿದ ತಾಯಿಯನ್ನು ಬಿಡುತ್ತಾರೆಯೇ?

ಶನಿವಾರ ಕೂಟಕ್ಕೆ ನಾನೂ ಜೊತೆಗೆ ಹೋದೆ. ಅವಳು ಎದ್ದು ನಿಂತು ಇದ್ದದ್ದನ್ನು ಇದ್ದಹಾಗೇ ಹೇಳಿದಳು. ಆಮೇಲೆ ಹಿಂದಿನ ಬೆಂಚಿನಿಂದ ಬೇಕರಿಯಾಕೆ ಬಾಯಿಬಿಟ್ಟಳು.

“ನಾನು ಬಚ್ಚಲುಮನೇಲಿ ನಿದ್ದೆ ಮಾಡ್ತೀನಿ. ಸ್ನಾನ ಅಂದ್ಕೊಳ್ಳಲಿ ಅಂತ ನಲ್ಲಿ ಬಿಟ್ಟಿರ್ತೀನಿ.”

ನಗು ಶುರುವಾದದ್ದು ನಿಲ್ಲಲಿಲ್ಲ. ಪಾದ್ರಿಯವರ ಹೆಂಡತಿ ಕಣ್ಣೊರೆಸಿಕೊಂಡು, ಸಂಡೇಸ್ಕೂಲಿನ ಪಾಠ ಇನ್ನು ತನಗಿರಲಿ, ನೀವು ಹಾಡಿಕೊಂಡಿದ್ದರೆ ಸಾಕು ಎಂದರು. ಇವಳು ಈ ಸಲವೂ ‘ಆಗಲಿ’ ಅಂದಳು. ಅಷ್ಟು ಖುಷಿಯಿಂದ ಅವಳು ಆ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

ಮನೆಗೆ ಬಂದು ಮಕ್ಕಳನ್ನು ಕೂರಿಸಿಕೊಂಡು, ಅಮ್ಮ ಒಳಗೆ ಮಾಡುವುದು ನಿದ್ದೆ, ಅದನ್ನು ಕಾಯುವುದು ನಿಮ್ಮ ಪಾಲಿನ ಕೆಲಸ ಎಂದು ನಾನೇ ಹೇಳಿದೆ. ಕೊನೆಯವಳಿಗೆ ಸ್ವಲ್ಪ ಬೇಜಾರಾಯಿತು.

ಸೋಮವಾರ ನಾಲ್ಕಕ್ಕೆ ಸೊಸೆ ಮೊಣಕಾಲೂರಲಿಲ್ಲ. ಎರಡೇ ಮಾತಿನಲ್ಲಿ ಪ್ರಾರ್ಥಿಸಿ, ‘ಆಮೆನ್’ವರೆಗೂ ಎಚ್ಚರವಿದ್ದು, ಮಂಚದ ಮೇಲೆ ಕಾಲು ಚಾಚಿದಳು. ಪಕ್ಕದ ಮನೆಯಾಕೆ ಬಾಗಿಲು ತಟ್ಟಿದಾಗ ಕೊನೆಯವಳು ತುದಿಗಾಲಲ್ಲೇ ಹೋಗಿ, ‘ಅಮ್ಮ ಪ್ರಾರ್ಥನೆ ಮಾಡ್ತಿದಾರೆ’ ಎಂದು ಮೊದಲು ಹೇಳುತ್ತಿದ್ದಷ್ಟೇ ಭಕ್ತಿಯಿಂದ ಪಿಸುಗುಟ್ಟಿದಳು.

“ಆಮೇಲೆ ಬನ್ನಿ ಆಂಟಿ. ಅಮ್ಮ ಮಲಗಿದಾರೆ.”