ಸಲಾಕೆ ತಾಗದ ಚೀಲ

“ಇರಿಯೋ ಭಾಡ್ಯಾ! ನಿಮ್ಮ ಕೇರಿ ಮುದುಕಿ ಅಂತ ಕೈ ನಡುಗ್ತದೇನು?” ಹಾವಗೆಪ್ಪ ಸಾವಕಾರ ನನ್ನ ಮೇಲೆ ರೇಗಿದ.

ಕೊಳಾರದ ಅವನ ಬೇಳೆ ಮಿಲ್ಲಿನಲ್ಲಿ ನಾನು ಹಮಾಲ. ರೈತರು ತಂದ ಚೀಲಕ್ಕೆ ಟೊಳ್ಳು ಸಲಾಕೆ ಇರಿದು, ಕಾಳು ತೆಗೆದು ತೋರಿಸುವ ಕೆಲಸವೂ ನನ್ನ ತಲೆಗೇ ಬಂದಿತ್ತು. ಎದುರಿಗೆ ನಿಂತವಳು ನಮ್ಮೂರು ಎಕಂಬಾದ ಕೌಸಲ್ಯಾಬಾಯಿ. ಅವಳ ವರ್ಷದ ತೊಗರಿಯೆಲ್ಲ ಆ ಮೂರು ಚೀಲದಲ್ಲಿತ್ತು. ಔರಾದ ಪೇಟೆ ದಾಟಿ ಟಂಟಂ ಆಟೋದಲ್ಲಿ ಹೇರಿಕೊಂಡು ಬಂದಿದ್ದಳು. ಎರಡು ಚೀಲ ಆಗಲೇ ಇರಿದಾಗಿತ್ತು.

ಮೂರನೆಯದಕ್ಕೂ ಇರಿದೆ. ಸಾವಕಾರ ಒಂದು ಕಾಳು ಕಡಿದು ಅವಳ ಕಾಲ ಬಳಿ ಉಗುಳಿದ.

“ಹಸಿ ಅದ. ಹುಳಾ ಅದ. ಈ ಕಸಾ ಯಾಕ ಹೊತ್ತು ತಂದಿ? ವಾಪಸ್ ಒಯ್ಯಿ.”

“ಹನ್ನೆರಡು ದಿನ ಬಿಸಲಾಗ ಒಣಗಿಸೀನ್ರಿ ಸಾವ್ಕಾರ್ರೇ. ಕಡದ್ರ ಕಟ್ ಅಂತದ್ರಿ.”

ನಿಜ. ಅವನು ಕಡಿದಾಗ ಕಟ್ ಎಂದದ್ದು ನನಗೂ ಕೇಳಿಸಿತ್ತು. ಆದರೂ ಸಲಾಕೆಯ ಧೂಳು ಒರೆಸುತ್ತ ನಿಂತೆ, ಥೂ ನನ್ನ ಜನ್ಮಕ್ಕಿಷ್ಟು.

ಪಕ್ಕದಲ್ಲೇ ಲಾರಿಯಿಂದ ಹಳದಿ ಬಟಾಣಿ ಇಳಿಯುತ್ತಿತ್ತು. ಹಡಗಿನಲ್ಲಿ ಬಂದ ಪರದೇಶದ ಮಾಲು. ಅದು ಅಗ್ಗಕ್ಕೆ ಬರತೊಡಗಿದ ಮೇಲೆ ತೊಗರಿಯನ್ನು ಕೇಳುವವರೇ ಇಲ್ಲ. ಅದರ ಒಂದು ಚೀಲಕ್ಕೂ ನಾನು ಸಲಾಕೆ ಹಾಕಿದ್ದಿಲ್ಲ.

“ಅದಕ್ಯಾಕ ಇರ್ಯಂಗಿಲ್ರಿ?” ಕೌಸಲ್ಯಾಬಾಯಿ ಕೇಳಿದಳು.

ಸಾವಕಾರ ನಕ್ಕ. “ಅದಕ್ಕ ಕಾಗದ ಅದ. ದುನಿಯಾದ ವ್ಯಾಪಾರದ ಕಾನೂನಿನ ಪ್ರಕಾರ ಬಂದದ, ಸುಂಕಾನೂ ಇಲ್ಲ. ಅಲ್ಲಿ ಸರ್ಕಾರ ಅಲ್ಲಿ ರೈತಗ ರೊಕ್ಕಾ ಕೊಟ್ಟು ಬೆಳಸ್ತದ. ಇಲ್ಲಿ ಸರ್ಕಾರ ನಿನಗ ಜಾಸ್ತಿ ರೇಟ್ ಕೊಟ್ರ ದೊಡ್ಡ ದೇಶದವ್ರು ಕೇಸ್ ಹಾಕ್ತಾರ. ತಿಳೀತೇನು?”

“ಆ ಕಾನೂನು ಬರಿಯಾಗ ನಮ್ಮನ್ಯಾರು ಕೇಳ್ಯಾರ್ರಿ?”

“ನಿನ್ನ ಕೇಳಬೇಕೇನು, ಹಲ್ಕಟ್ ಮುದುಕಿ! ಏ ನಾಗ್ಯಾ, ಇಕಿ ಚೀಲ ಹೊರಗ ಒಗಿ.”

ನನ್ನ ಹೆಸರು ನಾಗಸೇನ. ಅವಳ ಚೀಲ ಮುಟ್ಟಲಿಲ್ಲ. ಲಾರಿಯ ಕಡೆ ನಡೆದು, ಪರದೇಶದ ಚೀಲಕ್ಕೆ ಸಲಾಕೆ ಇರಿದು ಉದ್ದಕ್ಕೆ ಸೀಳಿದೆ. ಬಟಾಣಿ ಸುರಿಯಿತು, ಅದರ ಜೊತೆಗೆ ಹುಳವೂ ಪುಡಿಯೂ ಸುರಿದವು.

ಕೌಸಲ್ಯಾಬಾಯಿ ಬಗ್ಗಿ ಬೊಗಸೆ ತುಂಬಿಕೊಂಡಳು. ಒಂದು ಕಾಳು ಬಾಯಿಗೆ ಹಾಕಿ ಕಡಿದು, ಸಾವಕಾರನ ಬೂಟಿನ ಮೇಲೆ ಉಗುಳಿದಳು.

“ಹಸಿ ಅದ್ರಿ. ಹುಳಾ ಅದ್ರಿ. ಇದನ್ನ ಯಾವೂರಿಗಿ ವಾಪಸ್ ಕಳಸ್ತೀರಿ?”

“ಸಲಾಕಿ ಇಲ್ಲಿ ಕೊಡೋ ಸೂಳೀಮಗನ!” ಸಾವಕಾರ ನನ್ನತ್ತ ಓಡಿ ಬಂದ.

ನಾನು ಬಟಾಣಿಯ ಎರಡನೆಯ ಚೀಲಕ್ಕೆ ಇರಿದೆ.