ಬೆಲ್ಟ್ ಹರಿದರೂ ಏನೂ ಆಗಲ್ಲ

“ನಮ್ಮ ಮೇಸ್ತ್ರಿ ಹುಟ್ಟಿದಾಗ ಅಳಲೇ ಇಲ್ಲ ಕಣ್ರೀ! ನಾಲ್ಕು ಸಿಲಿಂಡರ್ ಇಂಜಿನ್ ಥರ ಗುರ್ರ್ ಅಂದ. ಹೊಗೆ ತುಂಬ್ಕೊಳ್ಳತ್ತೆ ಅಂತ ಸೂಲಗಿತ್ತಿ ಓಡಿಹೋಗಿ ಕಿಟಕಿ ತೆಗೆದ್ಲು!”

ಶವದ ಪೆಟ್ಟಿಗೆಯ ಮುಚ್ಚಳವನ್ನು ಗೋಡೆಗೆ ಒರಗಿಸುತ್ತಲೇ ಮೇಸ್ತ್ರಿಯ ಷಡ್ಡಕ ಇಷ್ಟನ್ನೂ ಹೇಳಿ ಮುಗಿಸಿದ. ಪೆಟ್ಟಿಗೆಯೊಳಗೆ ಮಲಗಿದ್ದವನು ಇಂಜಿನ್ ಮೇಸ್ತ್ರಿ. ಇಪ್ಪತ್ತಾರು ವರ್ಷ ಒಂದೇ ಗ್ಯಾರೇಜು: ಕೆಲಸ ಮೇಸ್ತ್ರಿಯದು, ಗಿರಾಕಿಗಳೊಡನೆ ಮಾತು ಷಡ್ಡಕನದು. ಅವನ ನಾಲಿಗೆಗೆ ಎಲುಬಿಲ್ಲ ಅನ್ನುವುದು ಸಣ್ಣ ಮಾತು, ಬ್ರೇಕೂ ಇರಲಿಲ್ಲ.

“ಹುಟ್ಟಿದ್ದು ಸರಿ,” ಎಂದ ಬಿಡಿಭಾಗದಂಗಡಿಯವನು, ಬಾಯಲ್ಲಿದ್ದ ಬನ್ ನುಂಗದೆಯೇ. “ಕೊನೆಗೆ ಆ ನರ್ಸಮ್ಮನ ಇಂಜಿನ್ ತಿಂದು ನೀರು ಕುಡಿದ್ನಲ್ಲ, ಅದನ್ನೂ ಹೇಳಪ್ಪ.”

ಯಾರೋ ಕಿಸಕ್ಕೆಂದರು. ಅಂಗಡಿಯವನು ಬೆಣ್ಣೆ ಬೆರಳನ್ನು ಕಿಟಕಿ ಪರದೆಗೆ ಒರೆಸಿದ. ಷಡ್ಡಕ ಮುಖ ತಿರುಗಿಸಿದ. ಬಾಡಿದ ಹೂ, ಬೆವರು, ಹೊರಗೆ ನಿಂತ ಶವದ ವ್ಯಾನು ಉಗುಳುತ್ತಿದ್ದ ಸುಟ್ಟ ಆಯಿಲಿನ ಹೊಗೆ, ಇವುಗಳ ನಡುವೆ ಹೆಣದ ಮುಂದೆ ಹಲ್ಲು ಕಿರಿಯುವ ಜನ. ಥೂ!

ಗ್ಯಾರೇಜಿನಲ್ಲಿ ದುಡಿದವನು ಸತ್ತರೆ ಅವನ ಸ್ಪ್ಯಾನರ್ ಅವನ ಜೊತೆಗೇ ಹೋಗಬೇಕು. ಷಡ್ಡಕ ಜೇಬಿನಿಂದ ಮೇಸ್ತ್ರಿಯ ಹದಿನಾಲ್ಕು ನಂಬರಿನ ಸ್ಪ್ಯಾನರ್ ತೆಗೆದು ಪೆಟ್ಟಿಗೆಯತ್ತ ಬಾಗಿದ. ಮೇಸ್ತ್ರಿಯ ಮಗಳು ಅವನ ಮಣಿಕಟ್ಟು ಹಿಡಿದು, ಒಳಕೋಣೆಗೆ ಎಳೆದುಕೊಂಡು ಹೋದಳು. ಅವಳೂ ಇಂಜಿನ್ ಬಿಚ್ಚುವವಳೇ. ಆದರೆ ಬೇರೆ ಗ್ಯಾರೇಜಿನಲ್ಲಿ. ನಾಲ್ಕು ವರ್ಷದಿಂದ ಅಪ್ಪನ ಜೊತೆ ಮಾತಿರಲಿಲ್ಲ.

“ಇಡಬೇಡಿ ಚಿಕ್ಕಪ್ಪ. ವಾಲ್ವ್ ಎಣಿಸದೆ ಬಾಯಿ ಬಿಡಬೇಡ ಅಂತ ನಂಗೆ ತಲೆ ಮೇಲೆ ಮೊಟಕಿ ಕಲಿಸಿದ್ರು. ತಾವೇ ಎಣಿಸಲಿಲ್ಲ. ಆ ಕೈ ನೋಡಿದ್ರೆ ನಂಗೆ ಹೇಸಿಗೆ ಆಗತ್ತೆ.”

*

ನರ್ಸಮ್ಮನ ಕಾರಿನದು ಟರ್ಬೋ ಗಿರ್ಬೋ ಇಲ್ಲದ, ತನ್ನ ಮೂಗಿನಿಂದಲೇ ಉಸಿರೆಳೆಯುವ ಪೆಟ್ರೋಲ್ ಇಂಜಿನ್. ಒಂದೇ ತಾಯಿಯ ಮಕ್ಕಳ ಹಾಗೆ ಒಂದೇ ಹೆಸರಿನಲ್ಲಿ ಹಲವು ಬಗೆ. ಹಿರಿಯವನಿಗೆ ಎಂಟು ವಾಲ್ವ್. ವಾಲ್ವುಗಳನ್ನು ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಹರಿದರೆ ಸುಮ್ಮನೆ ನಿಂತುಬಿಡುವ ಸಾಧು. ಕಿರಿಯವನಿಗೆ ಹದಿನಾರು. ಬೆಲ್ಟ್ ಹರಿಯಿತೋ, ಪಿಸ್ಟನ್ನುಗಳು ಎದ್ದು ವಾಲ್ವುಗಳಿಗೆ ಗುದ್ದಿ ಮನೆ ಹಾಳು. ಯಾವನೆಂದು ತಿಳಿಯಲು ಬಾನೆಟ್ ಎತ್ತಲೇಬೇಕು.

ನಾಲ್ಕು ವರ್ಷದ ಹಿಂದೆ ನರ್ಸಮ್ಮ ಕಾರು ಚಾಲೂ ಇಟ್ಟೇ ಫೋನ್ ಮಾಡಿ, ಬೆಲ್ಟ್ ಈಗಲೇ ಬದಲಿಸಬೇಕೇ ಎಂದು ಕೇಳಿದ್ದಳು. ಹರಿದರೂ ಏನೂ ಆಗಲ್ಲ, ಇನ್ನೊಂದು ವರ್ಷ ಓಡಿಸಿ ಎಂದಿತ್ತು ಗ್ಯಾರೇಜಿನ ದನಿ. ಮೂರು ವಾರಕ್ಕೆ ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಮೇಸ್ತ್ರಿ ಇಂಜಿನ್ನಿನ ಹೆಡ್ ಬಿಚ್ಚಿದ. ಹದಿನಾರು ವಾಲ್ವೂ ಸೊಟ್ಟ.

“ಫೋನಲ್ಲಿ ಹಾಗಂದಿದ್ದು ಯಾರು?” ಎಂದಳು ನರ್ಸಮ್ಮ.

ಮೇಸ್ತ್ರಿ ಬಹಳ ಹೊತ್ತು ಕೈ ಒರೆಸಿಕೊಂಡ. “ನಾನೇ ತಾಯಿ.”

ಟೈರುಗಳ ರಾಶಿಯ ಪಕ್ಕ ನಿಂತಿದ್ದ ಷಡ್ಡಕನಿಗೆ ಜನ್ಮದಲ್ಲಿ ಮೊದಲ ಸಲ ಮಾತು ಹೊರಡಲಿಲ್ಲ. ಆಮೇಲೆ ಮೇಸ್ತ್ರಿ ಅವನಿಗೆ ಹೇಳಿದ್ದು ಇಷ್ಟೇ: “ನಿಂಗೆ ಬಾಯೇ ಅನ್ನ. ನಂಗಾದ್ರೆ ಕೈ ಇದೆ.” ಆದರೆ ಆ ಕೈಯನ್ನು ಮತ್ತೆ ಯಾರೂ ನಂಬಲಿಲ್ಲ. ಮಗಳು ತನ್ನ ಹತ್ಯಾರದ ಪೆಟ್ಟಿಗೆ ಎತ್ತಿಕೊಂಡು ಹೊರಟಳು. ವರ್ಷ ತುಂಬುವುದರೊಳಗೆ ಷಟರ್ ಕೆಳಗೆ ಬಿತ್ತು.

*

“ಹಾಗನ್ಬೇಡ ಮಗಳೇ,” ಎಂದ ಷಡ್ಡಕ. ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದ. “ಅವತ್ತು ಫೋನಲ್ಲಿ ಆ ಬೆಲ್ಟ್ ಕೀಂಯ್ ಕೀಂಯ್ ಅಂತ ಏಳು ಊರಿಗೆ ಕೇಳೋ ಹಾಗೆ ಕಿರುಚ್ತಿತ್ತು! ಥೇಟ್ ಎಂಟು ವಾಲ್ವಿನ ದನಿ. ಬ್ರಹ್ಮನೇ ಫೋನ್ ಎತ್ತಿದ್ರೂ ಮೋಸ ಹೋಗ್ತಿದ್ದ!”

ಮಗಳು ಕಣ್ಣು ಮಿಟುಕಿಸಲಿಲ್ಲ. “ಅಷ್ಟು ವರ್ಷ ಇಂಜಿನ್ ಪಕ್ಕ ತಲೆ ಇಟ್ಟು ಅಪ್ಪಂಗೆ ಕೀಚಲು ಸದ್ದು ಕೇಳ್ತಾನೇ ಇರಲಿಲ್ಲ. ಬೆಲ್ಟ್ ಕಿರುಚಿದ್ರೆ ನನ್ನ ಕರೀತಿದ್ರು. ಫೋನಲ್ಲಿ ಅದನ್ನ ಕೇಳಿಸ್ಕೊಂಡೋರು ಯಾರು?”

“ಅದು... ಅವತ್ತು ನಾನು ಹಲ್ಲು ಕೀಳಿಸೋಕೆ...”

“ಚಿಕ್ಕಪ್ಪ.”

“ನಾನೇ,” ಎಂದ. ಅವಳ ತೋಳು ಮುಟ್ಟಲು ಹೋದ. ಅವಳು ಕೊಳಚೆ ದಾಟುವವಳಂತೆ ಹಿಂದೆ ಸರಿದಳು. ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ನಡುಮನೆಗೆ ಹೋಗಿ, ಅಪ್ಪನ ಬೆರಳುಗಳ ಕೆಳಗೆ ತುರುಕಿದಳು. ಅಲ್ಲೇ ಕುಸಿದು ಕೂತಳು. “ಈಗ ಹೇಳಿ. ಇವರಿಗೆಲ್ಲ ಹೇಳಿ.”

ಹಿಂದೆಯೇ ಬಂದ ಷಡ್ಡಕ ಹೇಳಿದ. ಉಪ್ಪಿಲ್ಲ, ಖಾರವಿಲ್ಲ. “ನರ್ಸಮ್ಮನ ಫೋನ್ ಎತ್ತಿದ್ದು ನಾನು. ಬಾನೆಟ್ ಎತ್ತಿ ನೋಡದೆ ಬೊಗಳಿದ್ದು ನಾನು. ಮೇಸ್ತ್ರಿ ನನ್ನ ತಪ್ಪು ಹೊತ್ತ.”

ಅಂಗಡಿಯವನು ಕಣ್ಣೊರೆಸಿಕೊಂಡು ಎದ್ದು ಬಂದ. “ಲೇ, ನಿನ್ನ ಬುರುಡೆ ಎಷ್ಟೋ ಕೇಳಿದೀನಿ. ಆದ್ರೆ ಸತ್ತೋನ ಮಾನ ಉಳಿಸೋಕೆ ಬಿಟ್ಯಲ್ಲ ಇದೊಂದು, ಬಂಗಾರ ಕಣಯ್ಯ!”

“ಬುರುಡೆ ಅಲ್ಲ. ನಾನೇ.”

“ಆಯ್ತು ಮಾರಾಯ, ನೀನೇ,” ಎಂದು ಅಂಗಡಿಯವನು ಅವನನ್ನು ಬಾಚಿ ತಬ್ಬಿದ. ನಾಲ್ಕಾರು ಜನ ಸುತ್ತುವರಿದು ಬೆನ್ನು ತಟ್ಟತೊಡಗಿದರು. ಷಡ್ಡಕನ ಬಾಯಿ ತುಂಬ ಎಂಜಲು ಉಕ್ಕಿತು. ಹೆಣದ ಮುಂದೆ ಉಗುಳುವಂತಿರಲಿಲ್ಲ. ನುಂಗುವಂತೆಯೂ ಇರಲಿಲ್ಲ.